ಕೈಲಿರೋ ಪರದೆಗೆ ಪೊರೆ ಬಂದಾಗ

"ಬೆಂಗಳೂರಲ್ಲಿದ್ರೇನು, ಮಾಡಿ ಮೇಲಿದ್ರೇನು, ನನಗೆರಡೂ ಒಂದೇ ಕಣಪ್ಪ."

ಅಮ್ಮ ಇದನ್ನ ಜಗಳದ ದನಿಯಲ್ಲಿ ಹೇಳಲಿಲ್ಲ. ಅವರೆಕಾಯಿ ಬಿಡಿಸ್ತಾ, ಟೀವಿ ಕಡೆ ನೋಡ್ತಾ ಹೇಳಿದ್ಲು. ಅದಕ್ಕೇ ಜಾಸ್ತಿ ಚುಚ್ಚಿತು. ಶುಕ್ರವಾರ ರಾತ್ರಿ ಬೆಂಗಳೂರಿಂದ ಊರ್ಡಿಗೆರೆಗೆ ಬರ್ತೀನಿ, ಸೋಮವಾರ ಮನೆಯಿಂದಲೇ ಕೆಲಸ, ಮಂಗಳವಾರ ಬೆಳಗ್ಗೆ ವಾಪಸ್. ಲೆಕ್ಕ ಹಾಕಿದ್ರೆ ವಾರದಲ್ಲಿ ನಾಲ್ಕು ರಾತ್ರಿ ಊರಲ್ಲೇ ಇರ್ತೀನಿ. ಆದ್ರೆ ಊಟ ಆಗಿದ್ದೇ ಮಹಡಿ ರೂಮು ಸೇರಿ ಕಂಪ್ಯೂಟರ್ ಮುಂದೆ ಕೂತರೆ ಏಳೋದು ಹನ್ನೊಂದೂವರೆಗೆ. ಅಷ್ಟರಲ್ಲಿ ಅಮ್ಮ ಕೆಳಗೆ ಹಾಲ್‌ನಲ್ಲಿ ಒಬ್ಬಳೇ ಧಾರಾವಾಹಿ ನೋಡಿ, ಲೈಟ್ ಆರಿಸಿ ಮಲಗಿರ್ತಾಳೆ.

ಗೇಮ್ ಆಡೋದನ್ನ ಬಿಡೋ ಮನಸ್ಸು ನನಗಿಲ್ಲ. ಅದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಹಾಗಾದ್ರೆ ಆಟವನ್ನೇ ಕೆಳಗೆ ತರಬೇಕು. ಅಮೆರಿಕದಲ್ಲಿದ್ದ ಗೆಳೆಯನೊಬ್ಬ ರಜಕ್ಕೆ ಬರುವಾಗ ತಾನು ಬಳಸಿದ ಸ್ಟೀಮ್ ಡೆಕ್ ತಂದುಕೊಟ್ಟ. ವಾಲ್ವ್ ಕಂಪನಿ 2022ರ ಫೆಬ್ರವರಿಯಲ್ಲಿ ಬಿಟ್ಟ ಸಾಧನ ಇದು: ಏಳಿಂಚಿನ ಪರದೆ, ಎರಡೂ ಬದಿ ಬಟನ್ನು, ಕೈಯಲ್ಲಿ ಹಿಡಿದು ಆಡುವಂಥದ್ದು. ದೊಡ್ಡ ಗೇಮ್‌ಗಳನ್ನ ಅದರೊಳಗೇ ಓಡಿಸಬಹುದು, ಆದ್ರೆ ಬಿಸಿಯಾಗುತ್ತೆ, ಫ್ಯಾನ್ ಸದ್ದು ಧಾರಾವಾಹಿ ಡೈಲಾಗನ್ನೂ ಮುಚ್ಚುತ್ತೆ, ಎರಡು ಗಂಟೆಗೆ ಬ್ಯಾಟರಿ ಖಾಲಿ. ಅದಕ್ಕೆ ಸ್ಟ್ರೀಮಿಂಗ್. ಅಂದ್ರೆ ಗೇಮ್ ಓಡೋದು ಮಹಡಿ ಮೇಲಿನ ಪಿಸಿಯಲ್ಲೇ. ಪಿಸಿ ಆ ಚಿತ್ರವನ್ನ ವಿಡಿಯೊ ಮಾಡಿ ವೈಫೈ ಮೇಲೆ ಕಳಿಸುತ್ತೆ, ಡೆಕ್ ಅದನ್ನ ತೋರಿಸುತ್ತೆ, ನಾವು ಒತ್ತಿದ ಬಟನ್ನಿನ ಸುದ್ದಿ ವಾಪಸ್ ಮೇಲಕ್ಕೆ ಹೋಗುತ್ತೆ. ಪಿಸಿಯಲ್ಲಿ ಸನ್‌ಶೈನ್, ಡೆಕ್‌ನಲ್ಲಿ ಮೂನ್‌ಲೈಟ್ ಅನ್ನೋ ಎರಡು ಉಚಿತ ತಂತ್ರಾಂಶ ಹಾಕಿದ್ರೆ ಮುಗೀತು. ಮೂನ್‌ಲೈಟ್ ಶುರುವಾಗಿದ್ದು 2013ರಲ್ಲಿ, ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಲಿ.

ಮುಗೀತು ಅಂದ್ಕೊಂಡೆ. ಹಾಲ್‌ನಲ್ಲಿ ದಿವಾನದ ಮೇಲೆ ಕೂತು 'ದ ವಿಚರ್ 3' ತೆರೆದೆ. ನಿಂತಾಗ ಚಿತ್ರ ಪರವಾಗಿಲ್ಲ. ಕುದುರೆ ಓಡಿಸಿದ ಕೂಡಲೇ ಕಾಡೆಲ್ಲ ಕಲಸಿದ ಮುದ್ದೆ. ಎಲೆ ಇಲ್ಲ, ಹುಲ್ಲಿಲ್ಲ, ಬರೀ ಹಸಿರು ಚೌಕಗಳು. ಸಣ್ಣ ಕೆಂಪು ಅಕ್ಷರಗಳ ಅಂಚು ಹರಡಿಕೊಂಡಿತ್ತು. ಅಮ್ಮ ಪಕ್ಕದಿಂದ ಬಗ್ಗಿ ನೋಡಿದ್ಲು. ಹಿಂದಿನ ವರ್ಷವಷ್ಟೇ ಅವಳಿಗೆ ಕಣ್ಣಿನ ಆಪರೇಷನ್ ಆಗಿತ್ತು.

"ನನ್ ಕಣ್ಣಿಗೆ ಪೊರೆ ಬಂದಾಗ ಹಿಂಗೇ ಕಾಣ್ಸೋದು ಕಣೋ. ದುಡ್ಡು ಕೊಟ್ಟು ಇದನ್ನ ನೋಡ್ತೀಯಾ?"

ಮೂರು ದಿನ ತಡಕೊಂಡೆ. ನಾಲ್ಕನೇ ದಿನ ಮತ್ತೆ ಮಹಡಿ ಹತ್ತಿದೆ.

ದುಡ್ಡು ಎಲ್ಲಿ ಸುರಿದೆ

ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಆಫೀಸಲ್ಲಿ ಜೂನಿಯರ್‌ಗಳಿಗೆ "ಮೊದಲು ಅಳತೆ ಮಾಡು, ಆಮೇಲೆ ರಿಪೇರಿ ಮಾಡು" ಅಂತ ಹೇಳೋನು ನಾನೇ. ಮನೆಯಲ್ಲಿ ಮಾಡಿದ್ದು ಉಲ್ಟಾ. ಮೊದಲು ಇಂಟರ್ನೆಟ್ ಪ್ಲಾನ್ ಏರಿಸಿದೆ. ಚಿತ್ರ ಹಾಗೇ ಇತ್ತು. ಇರಲೇಬೇಕು, ಯಾಕಂದ್ರೆ ಒಂದೇ ಮನೆಯ ಪಿಸಿಯಿಂದ ಡೆಕ್‌ಗೆ ಹೋಗೋ ವಿಡಿಯೊ ಮನೆಯ ರೌಟರ್ ದಾಟಿ ಆಚೆಗೆ ಹೋಗೋದೇ ಇಲ್ಲ. ಹೊರಗಿನ ಸಂಪರ್ಕ 40 ಎಂಬಿಪಿಎಸ್ ಇದ್ರೂ ಅಷ್ಟೇ, 400 ಇದ್ರೂ ಅಷ್ಟೇ. ಒಂದು ವರ್ಷದ ದುಡ್ಡು ಮುಂಗಡ ಕಟ್ಟಿದ ಮೇಲೆ ಈ ಜ್ಞಾನೋದಯ.

ಆಮೇಲೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಬಂತು. ನನ್ನದು ಆರ್‌ಟಿಎಕ್ಸ್ 3060, 2021ರದ್ದು. ಹೊಸದನ್ನ ಕಾರ್ಟ್‌ಗೆ ಹಾಕಿ ಇಎಂಐ ಲೆಕ್ಕ ನೋಡ್ತಿದ್ದೆ. ಅದೇ ತಿಂಗಳು ಮನೆಯ ಇನ್ವರ್ಟರ್ ಬ್ಯಾಟರಿ ಬದಲಾಯಿಸ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಕರೆಂಟ್ ಹೋದ್ರೆ ಕತ್ತಲಲ್ಲಿ ಬಚ್ಚಲಿಗೆ ಹೋಗೋಳು ಅವಳು. ಆ ಯೋಚನೆ ಬಂದಿದ್ದಕ್ಕೆ ಕೈ ತಡೀತು ಅಂತ ಹೇಳಿದ್ರೆ ನಾನು ಒಳ್ಳೆಯವನಾಗ್ತೀನಿ. ನಿಜ ಏನಂದ್ರೆ ಓಟಿಪಿ ಬರೋದು ತಡವಾಯ್ತು, ಆ ಎರಡು ನಿಮಿಷದಲ್ಲಿ ಸುಮ್ಮನೆ ಮಾನಿಟರ್ ನೋಡಿದೆ. ಡೆಕ್‌ನಲ್ಲಿ ಮುದ್ದೆಯಾಗಿದ್ದ ಅದೇ ಮರ, ಅದೇ ಕ್ಷಣ, ಮಾನಿಟರ್ ಮೇಲೆ ಎಲೆ ಎಣಿಸೋ ಹಾಗಿತ್ತು. ಅಂದ್ರೆ ಕಾರ್ಡ್ ನಿರಪರಾಧಿ. ಅದೇ ಆಟವನ್ನ ಡೆಕ್‌ನೊಳಗೇ ಓಡಿಸಿ ನೋಡಿದೆ, ಅಲ್ಲೂ ಚಿತ್ರ ಸ್ವಚ್ಛ. ಪರದೆಯೂ ನಿರಪರಾಧಿ. ತಪ್ಪು ಮಹಡಿಗೂ ಹಾಲ್‌ಗೂ ನಡುವಿನ ದಾರಿಯಲ್ಲಿ.

ಕಾರ್ಟ್ ಖಾಲಿ ಮಾಡಿದೆ. ಬ್ಯಾಟರಿ ಬಂತು.

ಒಂದು ಚಿತ್ರಕ್ಕೆ ಇಪ್ಪತ್ತು ಕೆಬಿ

ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ, ಇದು ಗೊತ್ತಾದ್ರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತೆ. 1280×720 ಚುಕ್ಕೆಗಳ ಚಿತ್ರ, ಒಂದು ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಚಿತ್ರ. ಗುಣಿಸಿದ್ರೆ ಸೆಕೆಂಡಿಗೆ ಸುಮಾರು 132 ಕೋಟಿ ಬಿಟ್. ಇಷ್ಟು ಗಾತ್ರಕ್ಕೆ ಮೂನ್‌ಲೈಟ್ ತಾನಾಗಿ ಇಟ್ಟುಕೊಳ್ಳೋ ಬಿಟ್‌ರೇಟ್ 10 ಎಂಬಿಪಿಎಸ್, ಅಂದ್ರೆ ಒಂದು ಕೋಟಿ ಬಿಟ್. 132 ಚೀಲದ ಸಾಮಾನನ್ನ ಒಂದು ಚೀಲಕ್ಕೆ ತುರುಕಿದ ಹಾಗೆ. ಒಂದೊಂದು ಚಿತ್ರದ ಪಾಲಿಗೆ ಬರೋದು ಹೆಚ್ಚುಕಡಿಮೆ 20 ಕೆಬಿ.

20 ಕೆಬಿ ಅಂದ್ರೇನು ಅಂತ ಸರ್ಕಾರಿ ಪರೀಕ್ಷೆಗಳಿಗೆ ಅರ್ಜಿ ಹಾಕಿದವರಿಗೆ ವಿವರಿಸಬೇಕಿಲ್ಲ. ಪಾಸ್‌ಪೋರ್ಟ್ ಫೋಟೋವನ್ನ ಸೈಬರ್ ಸೆಂಟರ್‌ನಲ್ಲಿ ಕುಗ್ಗಿಸಿ ಕುಗ್ಗಿಸಿ, ಕೊನೆಗೆ ಅದು ನಾವೋ ನಮ್ಮ ಚಿಕ್ಕಪ್ಪನೋ ಅಂತ ಗೊತ್ತಾಗದ ಸ್ಥಿತಿಗೆ ತರ್ತೀವಲ್ಲ, ಅಷ್ಟು. ನನ್ನ ಕಾಡು ಆ ಗತಿ ಕಂಡಿತ್ತು.

"ಸಿನಿಮಾಗೆ ಇದಕ್ಕಿಂತ ಕಡಿಮೆ ಸಾಕಾಗುತ್ತಲ್ಲ?" ಅಂತ ನೀವು ಕೇಳಬಹುದು. ಸಾಕಾಗುತ್ತೆ. ಆದ್ರೆ ಸಿನಿಮಾವನ್ನ ಕುಗ್ಗಿಸೋರು ಗಂಟೆಗಟ್ಟಲೆ ಕೂತು, ಮುಂದಿನ ದೃಶ್ಯ ಏನು ಅಂತ ನೋಡಿಕೊಂಡು ಕುಗ್ಗಿಸ್ತಾರೆ. ಆಟದಲ್ಲಿ ಮುಂದಿನ ದೃಶ್ಯ ಇನ್ನೂ ಹುಟ್ಟಿಯೇ ಇಲ್ಲ, ನನ್ನ ಹೆಬ್ಬೆರಳು ತೀರ್ಮಾನ ಮಾಡ್ಬೇಕು. ಒಂದು ಚಿತ್ರದಿಂದ ಇನ್ನೊಂದಕ್ಕೆ ಸಿಗೋದು 16.7 ಮಿಲಿಸೆಕೆಂಡ್. ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಏನು ಬದಲಾಯ್ತು ಅನ್ನೋದನ್ನಷ್ಟೇ ಕಳಿಸೋದು ಕೋಡೆಕ್‌ಗಳ ಜಾಣತನ. ಕುದುರೆ ಓಡಿದ್ರೆ, ಗಾಳಿಗೆ ಹುಲ್ಲು ಆಡಿದ್ರೆ, ಎಲ್ಲವೂ ಬದಲಾಗುತ್ತೆ. ಜಾಣತನಕ್ಕೆ ಜಾಗವೇ ಇಲ್ಲ.

ಹಾಗಾದ್ರೆ ಹಾಳಾಗೋದು ಚೌಕ ಚೌಕವಾಗಿ ಯಾಕೆ? ಇದರ ಉತ್ತರ ಹುಡುಕುವಾಗ ಸಿಕ್ಕಿದ ಹೆಸರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು, ಕೆ.ಆರ್. ಸರ್ಕಲ್‌ನ ಯುವಿಸಿಇಯಲ್ಲಿ ಓದಿ 1961ರಲ್ಲಿ ಇಂಜಿನಿಯರ್ ಆದವರು. ಆಮೇಲೆ ಅಮೆರಿಕಕ್ಕೆ ಹೋಗಿ, ಕಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದಾಗ 1972ರಲ್ಲಿ ಚಿತ್ರ ಕುಗ್ಗಿಸೋ ಒಂದು ಗಣಿತದ ವಿಧಾನವನ್ನ ಸೂಚಿಸಿದ್ರು: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಸಂಶೋಧನೆಗೆ ಹಣ ಕೇಳಿದ್ರೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕೊಡಲಿಲ್ಲ. ವಿಚಾರ ತೀರಾ ಸರಳವಾಯ್ತು ಅಂತ ಅಭಿಪ್ರಾಯ ಬಂತಂತೆ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದ್ರು. ಇವತ್ತು ವಾಟ್ಸ್‌ಆಪ್‌ನಲ್ಲಿ ಬರೋ ಜೆಪೆಗ್ ಫೋಟೊ, ವಿಡಿಯೊ ಕಾಲ್, ಯೂಟ್ಯೂಬ್, ನನ್ನ ಕೈಲಿದ್ದ ಮಸುಕು ಕಾಡು, ಎಲ್ಲದರ ಹೊಟ್ಟೆಯಲ್ಲೂ ಇರೋದು ಡಿಸಿಟಿ ಅಥವಾ ಅದರ ಹತ್ತಿರದ ಸಂಬಂಧಿ. ಕಾಲೇಜಲ್ಲಿ ಇದನ್ನ ಪರೀಕ್ಷೆಗೆ ಅಂತ ಉರು ಹೊಡೆದಿದ್ದೆ. ಇದನ್ನ ಕಂಡುಹಿಡಿದವರು ನಮ್ಮ ಬೆಂಗಳೂರಿನವರು ಅಂತ ಒಬ್ಬರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದರ ಕೆಲಸ ನನಗೆ ಅರ್ಥವಾಗಿದ್ದು ಮರಳು ಜರಡಿ ನೆನೆಸಿಕೊಂಡಾಗ. ಚಿತ್ರವನ್ನ ಸಣ್ಣ ಚೌಕಗಳಾಗಿ ಕತ್ತರಿಸ್ತಾರೆ. ಪ್ರತಿ ಚೌಕದಲ್ಲಿ ಒರಟು ಅಂಶ ಎಷ್ಟು, ಅಂದ್ರೆ ಒಟ್ಟಾರೆ ಬೆಳಕು ಎಷ್ಟು, ನಿಧಾನವಾಗಿ ಬದಲಾಗೋ ನೆರಳು ಎಷ್ಟು, ಹಾಗೇ ನವಿರು ಅಂಶ ಎಷ್ಟು ಅಂತ ಬೇರೆ ಮಾಡ್ತಾರೆ. ಆಮೇಲೆ ಜರಡಿ ಹಿಡೀತಾರೆ. ದೊಡ್ಡ ಜಲ್ಲಿ ಮೇಲೆ ಉಳಿಯುತ್ತೆ, ನುಣ್ಣನೆ ಮರಳು ಕೆಳಗೆ ಬೀಳುತ್ತೆ. ಬಿಟ್‌ರೇಟ್ ಕಡಿಮೆಯಾದಷ್ಟೂ ಜರಡಿಯ ಕಣ್ಣು ದೊಡ್ಡದು. ಹುಲ್ಲಿನ ಎಳೆ, ಎಲೆಯ ಅಂಚು, ಗಡ್ಡದ ಕೂದಲು ಎಲ್ಲ ನುಣ್ಣನೆ ಮರಳು. ಅವೆಲ್ಲ ಬಿದ್ದುಹೋದ ಮೇಲೆ ಉಳಿಯೋದು ಖಾಲಿ ಚೌಕ. ಹಾಗಾಗಿ ಮಾಡಬೇಕಾದ್ದು ಎರಡು: ಜರಡಿ ಕಣ್ಣು ಸಣ್ಣದು ಮಾಡೋದು, ಬೇಡದ ಮರಳನ್ನ ಜರಡಿಗೆ ಹಾಕದೇ ಇರೋದು.

ಕಲ್ಲು ಗೋಡೆ, ಡಿಶ್ ವೈರಿನ ತೂತು

ಬಿಟ್‌ರೇಟನ್ನ 10ರಿಂದ 40ಕ್ಕೆ ಏರಿಸಿದೆ. ಚಿತ್ರ ಸ್ವಚ್ಛವಾಯ್ತು, ಎರಡು ಸೆಕೆಂಡ್ ಮಾತ್ರ. ಆಮೇಲೆ ತಡವರಿಸಿ ನಿಂತೇ ಹೋಯ್ತು. ಮೂನ್‌ಲೈಟ್‌ನಲ್ಲಿ ಸೆಲೆಕ್ಟ್, ಎಲ್1, ಆರ್1, ಎಕ್ಸ್ ನಾಲ್ಕೂ ಒಟ್ಟಿಗೆ ಒತ್ತಿದ್ರೆ ಪರದೆ ಮೂಲೆಯಲ್ಲಿ ಅಂಕಿಅಂಶ ಬರುತ್ತೆ. ಅದರಲ್ಲಿ, ದಾರಿಯಲ್ಲೇ ಕಳೆದುಹೋದ ಚಿತ್ರಗಳ ಲೆಕ್ಕ ಏರ್ತಾನೇ ಇತ್ತು.

ನಮ್ಮ ಕಡೆ ಹಳೇ ಮನೆ ಅಂದ್ರೆ ಕಲ್ಲು. ಗೋಡೆ ಕಲ್ಲು, ಮೇಲೆ ಹಾಸಿರೋದೂ ಕಲ್ಲು ಚಪ್ಪಡಿ. ದೇವರಾಯನದುರ್ಗದ ಬುಡದಲ್ಲಿದ್ದುಕೊಂಡು ಕಲ್ಲಿಗೆ ಬರವೇ? ಬೇಸಿಗೆಯಲ್ಲಿ ತಂಪು, ವೈಫೈಗೆ ಶತ್ರು. ಅದರಲ್ಲೂ 5 ಗಿಗಾಹರ್ಟ್ಸ್ ಅಲೆ ವೇಗವಾಗಿ ಹೊತ್ತೊಯ್ಯುತ್ತೆ, ಆದ್ರೆ ಗೋಡೆ ದಾಟೋದರಲ್ಲಿ ಸೋಲುತ್ತೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತೆ, ಆದ್ರೆ ಅಲ್ಲಿ ಅಕ್ಕಪಕ್ಕದವರ ರೌಟರು, ಬ್ಲೂಟೂತು ಎಲ್ಲ ಸೇರಿ ಸಂತೆ. ನನ್ನ ರೌಟರ್ ಕೆಳಗೆ ಹಾಲ್‌ನಲ್ಲಿ. ಮೇಲಿನ ಪಿಸಿಗೆ ಒಂದು ಯುಎಸ್‌ಬಿ ವೈಫೈ ಡಾಂಗಲ್, ಅದು ಚಪ್ಪಡಿ ದಾಟಿ ಹಿಡೀತಿದ್ದದ್ದು 2.4. ಇನ್ನೊಂದು ತಮಾಷೆ ನೋಡಿ: ವಿಡಿಯೊ ಪಿಸಿಯಿಂದ ರೌಟರ್‌ಗೆ ಗಾಳಿಯಲ್ಲಿ ಬಂದು, ರೌಟರ್‌ನಿಂದ ಡೆಕ್‌ಗೆ ಮತ್ತೆ ಗಾಳಿಯಲ್ಲೇ ಹೋಗ್ತಿತ್ತು. ಇಬ್ಬರೂ ಒಂದೇ ಬ್ಯಾಂಡ್‌ನಲ್ಲಿದ್ದಾಗ ಒಂದೇ ಓಣಿಯಲ್ಲಿ ಒಂದೇ ಗಾಡಿ ಎರಡು ಸಲ.

ಊರಿನ ಎಲೆಕ್ಟ್ರಿಷಿಯನ್ ಅಣ್ಣನನ್ನ ಕರೆದೆ. "ವೈಫೈ ಐತಲ್ಲ, ಮತ್ತೆ ವೈರ್ ಯಾಕೆ?" ಅಂದ. ಅವನ ಪ್ರಶ್ನೆಯೂ ಸರಿಯೇ. ಕಲ್ಲು ಗೋಡೆ ಕೊರೆಯೋದು ಬೇಡ ಅಂತ, ಹಳೇ ಡಿಶ್ ಆಂಟೆನಾದ ವೈರು ತಾರಸಿಯಿಂದ ಹಾಲ್‌ಗೆ ಇಳಿದಿದ್ದ ತೂತಿನಲ್ಲೇ 20 ಮೀಟರ್ ಕ್ಯಾಟ್ 6 ಕೇಬಲ್ ಇಳಿಸಿದ. ಪಿಸಿ ಈಗ ರೌಟರ್‌ಗೆ ನೇರ ವೈರಲ್ಲಿ. ಗಾಳಿಯಲ್ಲಿ ಉಳಿದಿದ್ದು ರೌಟರ್‌ನಿಂದ ದಿವಾನದವರೆಗಿನ ಹನ್ನೆರಡು ಅಡಿ ಮಾತ್ರ, ನಡುವೆ ಒಂದೂ ಗೋಡೆ ಇಲ್ಲ. ಡೆಕ್‌ಗೆ 5 ಗಿಗಾಹರ್ಟ್ಸ್ ಹೆಸರನ್ನ ಬೇರೆ ಮಾಡಿ ಕೊಟ್ಟೆ. ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ್ದು ಈ ಕೇಬಲ್. ಒಂದೇ ಕೆಲಸ ಮಾಡೋ ವ್ಯವಧಾನ ಇದ್ರೆ ಇದನ್ನ ಮಾಡಿ, ಉಳಿದದ್ದು ಆಮೇಲೆ.

ಈಗ 40 ಎಂಬಿಪಿಎಸ್ ಅಲುಗಾಡದೆ ನಿಂತಿತು. ಚಿತ್ರವೊಂದಕ್ಕೆ 20ರ ಬದಲು 80 ಕೆಬಿ ದಾಟಿತು. ಆಸೆಗೆ 100 ಹಾಕಿ ನೋಡಿದೆ. ಏಳಿಂಚಿನಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ, ಬಿಚ್ಚಿಕೊಳ್ಳೋಕೆ ಡೆಕ್ ತಗೊಳ್ಳೋ ಸಮಯ ಮಾತ್ರ ಜಾಸ್ತಿಯಾಯ್ತು. 40ಕ್ಕೇ ವಾಪಸ್ ಬಂದೆ.

ಕೋಡೆಕ್ ವಿಚಾರದಲ್ಲಿ ತಪ್ಪು ನನ್ನದೇ. ಯಾವುದೋ ವಿಡಿಯೊ ನೋಡಿ ಹಳೇ ಎಚ್.264 ಅನ್ನೇ ಬಲವಂತವಾಗಿ ಆರಿಸಿಟ್ಟಿದ್ದೆ. ಅದು 2003ರದ್ದು. 2013ರ ಎಚ್‌ಇವಿಸಿ ಅದೇ ಗುಣಮಟ್ಟಕ್ಕೆ ಸುಮಾರು ಅರ್ಧ ಬಿಟ್ ಸಾಕು ಅನ್ನುತ್ತೆ, ಡೆಕ್‌ಗೆ ಅದನ್ನ ಹಾರ್ಡ್‌ವೇರ್‌ನಲ್ಲೇ ಬಿಚ್ಚೋಕೆ ಬರುತ್ತೆ. ಬದಲಾಯಿಸಿದೆ. ಇನ್ನೂ ಹೊಸ ಎವಿ1 ಬೇಕಂದ್ರೆ, ಎನ್‌ವಿಡಿಯಾದಲ್ಲಾದ್ರೆ ಪಿಸಿಯಲ್ಲಿ 40ನೇ ಸರಣಿ ಅಥವಾ ಆಚಿನ ಕಾರ್ಡ್ ಇರಬೇಕು. ಅದಕ್ಕಾಗಿ ಹೊಸ ಕಾರ್ಡ್ ಕೊಳ್ಳಬೇಕು ಅಂತ ನನಗಂತೂ ಅನ್ನಿಸಲಿಲ್ಲ.

ರಂಗೋಲಿಯ ಬಣ್ಣ

ಎಲೆಗಳು ಬಂದವು. ಆದ್ರೆ ಸಣ್ಣ ಕೆಂಪು ಅಕ್ಷರಗಳು ಇನ್ನೂ ಒದ್ದೆ ಕುಂಕುಮದ ಹಾಗೆ ಹರಡಿಕೊಂಡೇ ಇದ್ದವು.

ಕಾರಣ ಹೀಗಿದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನ ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸ ಹಿಡಿಯಲ್ಲ. ಹಾಗಾಗಿ ವಿಡಿಯೊ ಕುಗ್ಗಿಸುವಾಗ ಬೆಳಕನ್ನ ಪೂರ್ತಿ ಅಳತೆಯಲ್ಲಿ, ಬಣ್ಣವನ್ನ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸಿ ಕಳಿಸ್ತಾರೆ. ಇದಕ್ಕೆ 4:2:0 ಅಂತ ಹೆಸರು. ರಂಗೋಲಿಯಲ್ಲಿ ಎಳೆಯನ್ನ ಬೆರಳ ತುದಿಯಿಂದ ಎಳೆದು, ಬಣ್ಣವನ್ನ ಮುಷ್ಟಿಯಿಂದ ಉದುರಿಸಿದ ಹಾಗೆ. ಸಿನಿಮಾಗೆ ಇದು ಗೊತ್ತೇ ಆಗಲ್ಲ. ಕಪ್ಪು ಹಿನ್ನೆಲೆಯ ಸಣ್ಣ ಕೆಂಪು ಅಕ್ಷರಕ್ಕೆ ಎದ್ದು ಕಾಣುತ್ತೆ.

ಇದಕ್ಕೊಂದು ಅಡ್ಡದಾರಿ ಇದೆ. ಡೆಕ್‌ನ ಪರದೆ 1280×800. ಪಿಸಿಯಿಂದ ಅದರ ಎರಡರಷ್ಟು, 2560×1600 ಕಳಿಸಿದ್ರೆ, ಅರ್ಧಕ್ಕಿಳಿದ ಬಣ್ಣವೂ 1280×800 ಇರುತ್ತೆ. ಡೆಕ್ ಅದನ್ನ ಕುಗ್ಗಿಸಿ ತೋರಿಸುವಾಗ ಪ್ರತಿ ಚುಕ್ಕೆಗೂ ತನ್ನದೇ ಬಣ್ಣ ಸಿಕ್ಕಿರುತ್ತೆ. ನನ್ನ 3060 ಅಷ್ಟನ್ನ ಎಳೆಯುವಾಗ ಏದುಸಿರು ಬಿಟ್ಟಿತು, ಅದಕ್ಕೆ ನಡುವಿನ 1920×1200ಕ್ಕೆ ರಾಜಿಯಾದೆ. ಅಕ್ಷರ ಓದಬಹುದು, ಸಾಕು.

ಆಕಾರವನ್ನೂ ಗಮನಿಸಿ. ಸಾಮಾನ್ಯ ಮಾನಿಟರ್ 16:9, ಡೆಕ್ 16:10. ಮಾನಿಟರ್‌ನ 1920×1080 ಚಿತ್ರವನ್ನ ಪಿಸಿ 1280×720ಕ್ಕೆ ಅರೆದು ಕಳಿಸ್ತಿತ್ತು, ಡೆಕ್‌ನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ. ಹೀಗೆ ಅರೆದಾಗ ಸಣ್ಣ ಅಕ್ಷರದ ಗೆರೆಗಳು ಮುರೀತವೆ. ನನ್ನ ಮಾನಿಟರ್ 16:10 ಒಪ್ಪಲಿಲ್ಲ. ಎಚ್‌ಡಿಎಂಐಗೆ ಚುಚ್ಚೋ ಡಮ್ಮಿ ಪ್ಲಗ್ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಮಾನಿಟರ್ ಇದೆ ಅಂತ ಪಿಸಿಯನ್ನ ನಂಬಿಸುತ್ತೆ. ಈಚಿನ ಸನ್‌ಶೈನ್‌ಗೆ ಆಟ ಶುರುವಾದಾಗ ತಾನೇ ರೆಸಲ್ಯೂಷನ್ ಬದಲಾಯಿಸೋಕೂ ಬರುತ್ತೆ.

ಇನ್ನು ಬೇಡದ ಮರಳು. ಎಷ್ಟೋ ಆಟಗಳಲ್ಲಿ ಫಿಲ್ಮ್ ಗ್ರೇನ್ ಅಂತ ಹಳೇ ಸಿನಿಮಾದ ಚುಕ್ಕೆಗಳನ್ನ ಬೇಕಂತಲೇ ಎರಚ್ತಾರೆ. ಅದು ಪ್ರತಿ ಚಿತ್ರದಲ್ಲೂ ಬದಲಾಗೋದ್ರಿಂದ ಕೋಡೆಕ್ ಅದರ ಹಿಂದೆ ಓಡಿ ಎಷ್ಟೋ ಬಿಟ್ ಅಲ್ಲೇ ಕಳೆಯುತ್ತೆ. ತೆಗೆದುಹಾಕಿ. ವಿಚರ್‌ನಲ್ಲಿ ಶಾರ್ಪನಿಂಗನ್ನ ಹೈನಿಂದ ಲೋಗೆ ಇಳಿಸಿದೆ, ಕ್ರೋಮ್ಯಾಟಿಕ್ ಅಬರೇಷನ್ ಆಫ್ ಮಾಡಿದೆ. ಶಾರ್ಪನಿಂಗ್ ಕಡಿಮೆ ಮಾಡಿದ್ರೆ ಚಿತ್ರ ಸ್ಪಷ್ಟವಾಗುತ್ತೆ ಅನ್ನೋದು ವಿಚಿತ್ರವಾಗಿ ಕೇಳುತ್ತೆ, ಆದ್ರೆ ಸ್ಟ್ರೀಮಿಂಗ್‌ನಲ್ಲಿ ಅದೇ ನಿಜ.

ಡೆಕ್ ಇಲ್ಲದವರು ಬೇಜಾರಾಗಬೇಡಿ. ನೀವು ಇದನ್ನ ಓದ್ತಿರೋ ಫೋನಿಗೂ ಮೂನ್‌ಲೈಟ್ ಸಿಗುತ್ತೆ, ಫೋನನ್ನ ಸಿಕ್ಕಿಸೋ ಕಂಟ್ರೋಲರ್ ಒಂದಿದ್ರೆ ಮೇಲೆ ಹೇಳಿದ್ದೆಲ್ಲ ಅನ್ವಯ.

ಬೆಂಗಳೂರಿನ ರೂಮಿನಿಂದ ಊರಿನ ಪಿಸಿಯನ್ನೂ ಒಂದೆರಡು ವಾರ ಆಡಿದೆ, ಟೇಲ್‌ಸ್ಕೇಲ್ ಅನ್ನೋ ತಂತ್ರಾಂಶದ ಮೂಲಕ. ಆಗ ಮಾತ್ರ ಇಂಟರ್ನೆಟ್ ವೇಗ ಲೆಕ್ಕಕ್ಕೆ ಬರುತ್ತೆ, ಅದೂ ಊರಿನ ಮನೆಯ ಅಪ್‌ಲೋಡ್ ವೇಗ. ದೂರ ಸಮಸ್ಯೆಯೇ ಅಲ್ಲ, ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತೆ, ತುಮಕೂರು ದಾರಿ ಅದಕ್ಕೆ ಒಂದು ಮಿಲಿಸೆಕೆಂಡೂ ಅಲ್ಲ. 720ಪಿ, 8 ಎಂಬಿಪಿಎಸ್‌ನಲ್ಲಿ ನಿಧಾನದ ಆಟಗಳು ಪರವಾಗಿರಲಿಲ್ಲ. ನಿಲ್ಲಿಸಬೇಕಾಗಿದ್ದು ಬೇರೆ ಕಾರಣಕ್ಕೆ. ಒಂದು ರಾತ್ರಿ ಹತ್ತೂವರೆಗೆ ಅಮ್ಮನ ಫೋನ್. ದನಿ ತಗ್ಗಿಸಿ, "ಮೇಲೆ ನಿನ್ ರೂಮಲ್ಲಿ ಏನೋ ಬುಸುಗುಡ್ತೈತೆ ಕಣೋ, ಲೈಟೂ ಬೆಳಗ್ತೈತೆ" ಅಂದ್ಲು. ಪಿಸಿಯ ಫ್ಯಾನು. ಆವತ್ತೇ ಕೊನೆ.

ಈಗ ಊರಿನ ರಾತ್ರಿಗಳಲ್ಲಿ ದಿವಾನದ ಒಂದು ತುದಿ ಅಮ್ಮನದು, ಇನ್ನೊಂದು ನನ್ನದು. ಅವಳ ಧಾರಾವಾಹಿಗೆ ಜಾಹೀರಾತು ಬಂದಾಗ ಇತ್ತ ಬಗ್ಗಿ ನೋಡ್ತಾಳೆ. ಮೊನ್ನೆ ಹಾಗೇ ನೋಡಿದವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ್ಲು. ವಿಚರ್ ಆಡಿದವರಿಗೆ ಗೊತ್ತು, ಅದರ ಕುದುರೆ ಎಲ್ಲೆಲ್ಲೋ ಹತ್ತಿ ನಿಲ್ಲೋದಕ್ಕೆ ಹೆಸರುವಾಸಿ.

"ಅಲ್ಲ ಕಣೋ, ಆ ಕುದುರೆ ಯಾಕೆ ಮನೆ ಸೂರಿನ ಮೇಲೆ ನಿಂತೈತೆ? ಇದೂ ನಿನ್ನ ವೈಫೈ ತೊಂದ್ರೇನಾ?"

"ಇಲ್ಲಮ್ಮ, ಇದು ಗೇಮ್ ಮಾಡಿದವರದ್ದೇ ತಪ್ಪು."

"ಮತ್ತೆ ಇಳಿಸು ಅದನ್ನ, ಪಾಪ."